ಪುಸ್ತಕ ನೋಡಿ ಮಗುವಿಗೆ ಔಷಧಿ ಕೊಡಬಹುದೇ?

ನಿವೃತ್ತಳಾಗಿ ಆರು ವರ್ಷವಾದರೂ ಸಾಗರದ ನಮ್ಮ ಬೀದಿಯಲ್ಲಿ ನಾನು ಇನ್ನೂ 'ಸಿಸ್ಟರ್' ಆಗಿಯೇ ಉಳಿದಿದ್ದೇನೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ವಾರ್ಡಿನಲ್ಲಿದ್ದವಳೆಂದು ಗೊತ್ತಿರುವವರು ಮದುವೆಮನೆಯ ಊಟದ ಪಂಕ್ತಿಯಲ್ಲಿಯೂ ತರಕಾರಿ ಅಂಗಡಿಯ ಮುಂದೆಯೂ ನನ್ನನ್ನು ನಿಲ್ಲಿಸಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸಿಸ್ಟರ್, ಮಕ್ಕಳ ಕಾಯಿಲೆಗಳ ಪುಸ್ತಕವೊಂದನ್ನು ತಂದಿಟ್ಟುಕೊಂಡಿದ್ದೇವೆ. ಅದನ್ನು ನೋಡಿಕೊಂಡು ಮನೆಯಲ್ಲೇ ಔಷಧಿ ಕೊಡಬಹುದಾ, ಇಲ್ಲಾ ಪ್ರತಿ ಸಲವೂ ಡಾಕ್ಟರ ಹತ್ತಿರ ಓಡಬೇಕಾ?" ನಿಂತ ನಿಲುವಿನಲ್ಲಿ ಕೊಡುವ ಉತ್ತರದಿಂದ ನನಗೇ ಸಮಾಧಾನವಾಗುವುದಿಲ್ಲವಾದ್ದರಿಂದ ಇಲ್ಲಿ ಕುಳಿತು ಬರೆಯುತ್ತಿದ್ದೇನೆ.

ಪ್ರತಿ ಸಲವೂ ಓಡಬೇಕಾಗಿಲ್ಲ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ಶೀತವಾಗುವುದು ಸಾಮಾನ್ಯ, ಅಂಗನವಾಡಿಗೋ ಪ್ಲೇ ಹೋಮಿಗೋ ಹೋಗತೊಡಗಿದ ಮೊದಲ ವರ್ಷದಲ್ಲಂತೂ ಇನ್ನೂ ಹೆಚ್ಚು. ಇವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬಂದು ತಾವಾಗಿಯೇ ಹೋಗುವಂಥವು. ಆದ್ದರಿಂದ ಪುಸ್ತಕ ಮನೆಯಲ್ಲಿರಲಿ. ಆದರೆ ಅದರಲ್ಲಿ ಕಾಯಿಲೆಯ ಹೆಸರನ್ನು ಹುಡುಕಬೇಡಿ. ಮಗುವನ್ನು ಹೇಗೆ ನೋಡಬೇಕು, ಏನನ್ನು ಎಣಿಸಬೇಕು, ಎಷ್ಟಕ್ಕೆ ಬಂದರೆ ಮನೆ ಬಿಟ್ಟು ಹೊರಡಬೇಕು ಎಂಬಷ್ಟನ್ನು ಮಾತ್ರ ಅದರಿಂದ ಕಲಿಯಿರಿ, ಅದೂ ಮಗು ಚೆನ್ನಾಗಿ ಆಡಿಕೊಂಡಿರುವ ಒಂದು ಮಧ್ಯಾಹ್ನ. ರಾತ್ರಿ ಎರಡು ಗಂಟೆಗೆ, ಒಂದು ಕೈಯಲ್ಲಿ ಅಳುವ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಪುಟ ತಿರುವಿದರೆ ಯಾವ ಜ್ವರವೂ ಮಿದುಳು ಜ್ವರವಾಗಿಯೇ ಕಾಣುತ್ತದೆ.

ಎರಡು ಮಳೆಗಾಲಗಳ ಹಿಂದಿನ ಮಾತು. ಪಕ್ಕದ ಮನೆಯ ಸೊಸೆ ಹತ್ತು ತಿಂಗಳ ಮಗುವನ್ನು ಎತ್ತಿಕೊಂಡು, ಬಗಲಲ್ಲಿ ದಪ್ಪದೊಂದು ಪುಸ್ತಕವನ್ನೂ ಇಟ್ಟುಕೊಂಡು ರಾತ್ರಿ ನಮ್ಮ ಮನೆಗೆ ಬಂದಳು. ಮೂರು ದಿನದಿಂದ ಕೆಮ್ಮು, ಅಂದು ಸಂಜೆಯಿಂದ 101 ಡಿಗ್ರಿ ಜ್ವರ. ಹಿಂದೆಯೇ ಬಂದ ಅವಳ ಅತ್ತೆ, "ಕಫ ಕಟ್ಟಿದೆ ಅಷ್ಟೆ, ದೊಡ್ಡಪತ್ರೆ ರಸ ಹಾಕಿದರೆ ಇಳಿಯುತ್ತದೆ" ಎನ್ನುತ್ತಿದ್ದರು. ಸೊಸೆ ಪುಸ್ತಕದ ನ್ಯುಮೋನಿಯಾ ಪುಟವನ್ನು ಮೂರು ಸಲ ಓದಿದ್ದಳು. ಇಬ್ಬರೂ ಮಗುವಿನ ಬನಿಯನ್ನನ್ನು ಮೇಲೆತ್ತಿ ನೋಡಿರಲಿಲ್ಲ. "ಮೊದಲು ಹಾಲು ಕುಡಿಸಿ ಸಮಾಧಾನ ಮಾಡಮ್ಮ, ಅಳುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ" ಎಂದು ಹೇಳಿ, ಮಗು ತೋಳಿನಲ್ಲಿ ತೂಕಡಿಸತೊಡಗಿದ ಮೇಲೆ ಬನಿಯನ್ ಎತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆಯ ಏರಿಳಿತವನ್ನು ಎಣಿಸಿದೆವು. 58 ಬಂತು. ಇನ್ನೊಮ್ಮೆ ಎಣಿಸಿದಾಗ 60. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರು ಬಂದರೆ ಅದು ವೇಗದ ಉಸಿರಾಟ. ಆಶಾ ಕಾರ್ಯಕರ್ತೆಯರಿಗೂ ಕಲಿಸುವುದು ಇದೇ ಲೆಕ್ಕ. ಇದರ ಜೊತೆಗೆ ಉಸಿರೆಳೆದುಕೊಳ್ಳುವಾಗ ಪಕ್ಕೆಲುಬುಗಳ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಮತ್ತೆ ಯೋಚಿಸುತ್ತ ಕೂರುವಂತಿಲ್ಲ. ಅಂದು ರಾತ್ರಿಯೇ ಆಟೋ ಹಿಡಿದು ಆಸ್ಪತ್ರೆಗೆ ಹೋದರು, ಐದು ದಿನ ಅಲ್ಲಿದ್ದು ಮಗು ಗುಣವಾಗಿ ಬಂತು.

ಮರುದಿನ ಆ ಪುಸ್ತಕವನ್ನು ತರಿಸಿಕೊಂಡು ನೋಡಿದೆ. ನ್ಯುಮೋನಿಯಾದ ಬಗ್ಗೆ ಎರಡು ಪುಟಗಳಿದ್ದವು, ಶ್ವಾಸಕೋಶದ ಬಣ್ಣದ ಚಿತ್ರವೂ ಇತ್ತು. ಉಸಿರಾಟದ ಬಗ್ಗೆ ಮಾತ್ರ "ಉಸಿರಾಟ ವೇಗವಾಗಿರಬಹುದು" ಎಂಬ ಒಂದೇ ಸಾಲು, ಅಂಕಿಯಿಲ್ಲ. ತಾಯಿಯ ಕೈಗೆ ಬೇಕಾದದ್ದನ್ನು ಬಿಟ್ಟು ಬೇರೆಲ್ಲವನ್ನೂ ಬರೆದ ಪುಸ್ತಕವದು.

ಥರ್ಮಾಮೀಟರಿನ ಅಂಕಿಗೆ ಮನೆಗಳಲ್ಲಿ ಸಿಗುವ ಮರ್ಯಾದೆ ಉಸಿರಿನ ಅಂಕಿಗೆ ಸಿಗುವುದಿಲ್ಲ. 103 ಡಿಗ್ರಿ ಜ್ವರವಿದ್ದೂ ಪ್ಯಾರಸಿಟಮಾಲ್ ಕೊಟ್ಟ ಮುಕ್ಕಾಲು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಿಗಳನ್ನು ಎಳೆದಾಡುವ ಎರಡು ವರ್ಷದ ಮಗುವಿಗಿಂತ, 100 ಡಿಗ್ರಿಯಲ್ಲಿಯೇ ಮಂಕಾಗಿ, ಕರೆದರೆ ತಿರುಗಿ ನೋಡದೆ ಮಲಗಿರುವ ಮಗುವನ್ನು ಕಂಡು ನಾನು ಹೆಚ್ಚು ಹೆದರುತ್ತೇನೆ. ಮೂರು ತಿಂಗಳೊಳಗಿನ ಕೂಸುಗಳ ವಿಷಯ ಬೇರೆ: ಅವಕ್ಕೆ 100.4 ಡಿಗ್ರಿ ದಾಟಿದರೆ, ಮಗು ಎಷ್ಟೇ ಗೆಲುವಾಗಿ ಕಂಡರೂ, ಪುಸ್ತಕ ತೆರೆಯದೆ ಆಸ್ಪತ್ರೆಗೆ ಹೊರಡಿ.

ಇನ್ನು ಔಷಧಿಯ ಅಳತೆಗೆ ಬರುತ್ತೇನೆ. ಇದರಲ್ಲಿ ನಾನೇ ಎಡವಿದ್ದೇನೆ. ನನ್ನ ಮಗಳಿಗೆ ಆಗ ವರ್ಷ ತುಂಬಿತ್ತು, ತೂಕ 9 ಕಿಲೋ. ರಾತ್ರಿಪಾಳಿ ಮುಗಿಸಿ ಬಂದ ಬೆಳಿಗ್ಗೆ ಅವಳ ಮೈ ಸುಡುತ್ತಿತ್ತು. ಕೈಪಿಡಿಯೊಂದರಲ್ಲಿ 'ಒಂದು ವರ್ಷದ ಮಗುವಿಗೆ ಅರ್ಧ ಚಮಚ' ಎಂದಿದ್ದುದು ತಲೆಯಲ್ಲಿತ್ತು; ಕಪಾಟಿನಲ್ಲಿದ್ದ ಪ್ಯಾರಸಿಟಮಾಲ್ ಸೀಸೆಯಿಂದ ಎರಡೂವರೆ ಮಿಲಿಲೀಟರ್ ಎಳೆದು ಕುಡಿಸಿಬಿಟ್ಟೆ. ಸೀಸೆಯನ್ನು ಮತ್ತೆ ಇಡುವಾಗ ನೋಡಿದರೆ ಅದು ಸಿರಪ್ ಅಲ್ಲ, ಡ್ರಾಪ್ಸ್. ನಮ್ಮಲ್ಲಿ ಪ್ಯಾರಸಿಟಮಾಲ್ ಸಿರಪ್ಪು 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವಂಥದ್ದು ಸಿಗುತ್ತದೆ, 250 ಇರುವಂಥದ್ದೂ ಸಿಗುತ್ತದೆ. ಡ್ರಾಪ್ಸಿನಲ್ಲಿಯಾದರೆ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ. ಸುಮಾರು 62 ಮಿಲಿಗ್ರಾಂ ಹೋಗಬೇಕೆಂದು ಪುಸ್ತಕ ಲೆಕ್ಕ ಹಾಕಿದ್ದ ಕಡೆ 250 ಮಿಲಿಗ್ರಾಂ ಹೋಗಿತ್ತು. ಡಾಕ್ಟರು ನನ್ನನ್ನು ಬೈಯಲಿಲ್ಲ, ಮುಂದಿನ ಡೋಸುಗಳನ್ನು ನಿಲ್ಲಿಸಿ ಮಗುವನ್ನು ಗಮನಿಸಲು ಹೇಳಿದರು. ಅದೇ ತಪ್ಪು ದಿನಕ್ಕೆ ನಾಲ್ಕು ಸಲದಂತೆ ಎರಡು ದಿನ ನಡೆದಿದ್ದರೆ ಯಕೃತ್ತಿನ ಗತಿ ಏನಾಗುತ್ತಿತ್ತು ಎಂಬುದು ವಾರ್ಡಿನಲ್ಲಿದ್ದ ನನಗೆ ಗೊತ್ತಿತ್ತು.

ಆದ್ದರಿಂದ ವಯಸ್ಸು ನೋಡಿ 'ಅರ್ಧ ಚಮಚ, ಒಂದು ಚಮಚ' ಎಂದು ಬರೆದಿರುವ ಪುಸ್ತಕವನ್ನು ಆ ಒಂದು ವಿಷಯದಲ್ಲಿ ನಂಬಬೇಡಿ. ಪ್ಯಾರಸಿಟಮಾಲನ್ನು ತೂಕದ ಮೇಲೆ ಕೊಡಬೇಕು: ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ 125ರ ಸಿರಪ್ಪಿನಲ್ಲಿ 6 ಮಿಲಿಲೀಟರ್, 250ರ ಸಿರಪ್ಪಿನಲ್ಲಿ 3, ಡ್ರಾಪ್ಸಿನಲ್ಲಿ ಒಂದೂವರೆ. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಮಗುವಿನ ತೂಕಕ್ಕೆ ನಿಮ್ಮ ಮನೆಯಲ್ಲಿರುವ ಸೀಸೆಯಿಂದ ಎಷ್ಟು ಎಂದು ಕೇಳಿ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಏರಿದಂತೆ ಅಳಿಸಿ ತಿದ್ದಬಹುದು. ಅಡುಗೆಮನೆಯ ಚಮಚ ಬೇಡ, ಒಂದೊಂದು ಮನೆಯ ಚಮಚಕ್ಕೆ ಒಂದೊಂದು ಅಳತೆ. ಔಷಧಿಯ ಜೊತೆ ಬರುವ ಮುಚ್ಚಳವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಸೂಟ್‌ಕೇಸಿನಲ್ಲಿ ಇಲ್ಲಿಯ ಸಿರಪ್ ಒಯ್ಯುವ ಅಜ್ಜಿಯಂದಿರಿಗೂ ಒಂದು ಮಾತು: ಅಲ್ಲಿ ಅಸಿಟಮಿನೋಫೆನ್ ಎನ್ನುವುದು ನಮ್ಮ ಪ್ಯಾರಸಿಟಮಾಲೇ. ಅಲ್ಲಿಯ ಮಕ್ಕಳ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 160 ಮಿಲಿಗ್ರಾಂ ಇರುತ್ತದೆ. ಹೆಸರು ಬೇರೆಯೆಂದು ಎರಡನ್ನೂ ಕೊಟ್ಟರೆ ಡೋಸ್ ದುಪ್ಪಟ್ಟಾಗುತ್ತದೆ.

ಭೇದಿಗೆ ಓಆರ್‌ಎಸ್ ಕೊಡಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಜನರಿಗೂ ಗೊತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ಮನೆಯವರ ಕೈಯಿಂದಲೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಡಾಕ್ಟರಲ್ಲದವರ ಕೈಯಲ್ಲಿಯೂ ಕೆಲಸ ಮಾಡುವ ಔಷಧಿಯೆಂದರೆ ಇದು. ಆದರೆ ಮನೆಗಳಲ್ಲಿ ತಪ್ಪುವುದು ಕಲಸುವಲ್ಲಿ. ಒಂದು ಲೀಟರಿನ ಪೊಟ್ಟಣವನ್ನು ಒಡೆದು, ಲೋಟಕ್ಕೆ ಅಂದಾಜಿನಲ್ಲಿ ಒಂದು ಚಮಚ ಪುಡಿ ಹಾಕಿ, ಉಳಿದದ್ದನ್ನು ರಬ್ಬರ್ ಬ್ಯಾಂಡು ಸುತ್ತಿ ಫ್ರಿಜ್ಜಿನ ಮೇಲಿಡುತ್ತಾರೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಸುರಿಯಬೇಕು. 200 ಮಿಲಿಲೀಟರಿಗೆಂದೇ ಬರುವ ಸಣ್ಣ ಪೊಟ್ಟಣವಾದರೆ ಒಂದು ಲೋಟಕ್ಕೆ ಸರಿ. ಕಲಸಿದ್ದನ್ನು 24 ಗಂಟೆಯ ಮೇಲೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಮಿಲಿಲೀಟರ್. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡುವುದು. ಎದೆಹಾಲನ್ನು ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಬಿಡದೆ 14 ದಿನ ಕೊಡಬೇಕೆಂಬುದು ಹಳೆಯ ಪುಸ್ತಕಗಳಲ್ಲಿ ಇರುವುದಿಲ್ಲ. ಓಆರ್‌ಎಸ್ ಎಂದು ಬರೆದುಕೊಂಡು ಬರುತ್ತಿದ್ದ ಸಿಹಿ ಪಾನೀಯದ ಡಬ್ಬಿಗಳ ಮೇಲೆ ಆ ಹೆಸರನ್ನು ಬಳಸಕೂಡದೆಂದು 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ನಮೂದಿಸಿರುವ ಪೊಟ್ಟಣವನ್ನೇ ಕೇಳಿ ಪಡೆಯಿರಿ.

ಕೆಮ್ಮಿನ ಸಿರಪ್ಪಿನ ಬಗ್ಗೆ ಪುಸ್ತಕ ಏನೇ ಹೇಳಲಿ, ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ. ಐದು ವರ್ಷದವರೆಗೂ ಸಾಮಾನ್ಯವಾಗಿ ಅಗತ್ಯವಿಲ್ಲ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ 2025ರಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಹೇಳಿದ್ದೂ ಇದನ್ನೇ. ಒಂದು ವರ್ಷ ದಾಟಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷದೊಳಗಿನ ಕೂಸಿಗೆ ಮಾತ್ರ ಜೇನುತುಪ್ಪ ನೆಕ್ಕಿಸಬೇಡಿ, ಅದರಿಂದ ಬೊಟುಲಿಸಂ ಎಂಬ, ಸ್ನಾಯುಗಳನ್ನು ನಿತ್ರಾಣಗೊಳಿಸುವ ಕಾಯಿಲೆಯ ಅಪಾಯವಿದೆ.

ನನ್ನ ದೊಡ್ಡ ತಕರಾರು ಇರುವುದು ಹೊರದೇಶಗಳಿಗಾಗಿ ಬರೆದು ಇಲ್ಲಿಯವರೆಗೆ ಬಂದ ಪುಸ್ತಕಗಳ ಬಗ್ಗೆ. ಅವುಗಳ ಚಿತ್ರಗಳಲ್ಲಿ ಮಕ್ಕಳೆಲ್ಲ ಬಿಳಿಯರು. ದಡಾರದ ಗುಳ್ಳೆ ಕೆಂಪಗೆ, ಉಸಿರುಗಟ್ಟಿದ ಮಗುವಿನ ಮೈ ನೀಲಿ ಎಂದು ಅದರಲ್ಲಿರುತ್ತದೆ. ನಮ್ಮ ಮಕ್ಕಳ ಎಣ್ಣೆಗಪ್ಪು ಮೈಯಲ್ಲಿ ದಡಾರ ಕೆಂಪಾಗಿಯೇ ಕಾಣಬೇಕೆಂದಿಲ್ಲ, ಕೈಯಾಡಿಸಿದರೆ ಉರುಟುರುಟಾಗಿ ಸಿಗುತ್ತದೆ. ನೀಲಿಯನ್ನು ನಾಲಿಗೆಯಲ್ಲಿ, ತುಟಿಯ ಒಳಭಾಗದಲ್ಲಿ ನೋಡಬೇಕು. ರಕ್ತಹೀನತೆಯನ್ನು ಅಂಗೈಯಲ್ಲಿ, ಕಾಮಾಲೆಯನ್ನು ಕಣ್ಣಿನ ಬಿಳಿಯಲ್ಲಿ ನೋಡಬೇಕು.

ಜ್ವರದ ಅಧ್ಯಾಯದಲ್ಲಿಯೂ ಅವು ನಮ್ಮ ಊರನ್ನು ಅರಿಯವು. ಡೆಂಗಿಯಲ್ಲಿ ಜ್ವರ ಇಳಿದ ಕೂಡಲೇ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಪಾಯದ ಒಂದೆರಡು ದಿನ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಒಸಡಿನಲ್ಲಿ ರಕ್ತ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಹೊರಡಬೇಕು. ಪ್ಯಾರಸಿಟಮಾಲಿಗೆ ಜಗ್ಗದ ಜ್ವರಕ್ಕೆ ಐಬುಪ್ರೊಫೆನ್ ಕೊಡಿ ಎಂದು ಆ ಪುಸ್ತಕಗಳು ಧಾರಾಳವಾಗಿ ಹೇಳುತ್ತವೆ. ಡೆಂಗಿ ಇರಬಹುದಾದ ಕಾಲದಲ್ಲಿ ಅದೂ ಬೇಡ, ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ ಮೆಫೆನಮಿಕ್ ಆಸಿಡ್ ಕೂಡ ಬೇಡ, ರಕ್ತಸ್ರಾವ ಹೆಚ್ಚುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ವರ್ಷ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಹೇಳಿ ಬಂದದ್ದು ಇದನ್ನೇ. ಇನ್ನು 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ ಮಂಗನ ಕಾಯಿಲೆ ಯಾವ ಆಮದು ಪುಸ್ತಕದಲ್ಲಿ ಬಂದೀತು? ಕಾಡಿನಂಚಿನ ಮನೆಯವರು ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಜ್ವರ ಬಂದ ಮಗುವಿನ ಮೈಮೇಲೆ ಆ ಕಾಯಿಲೆಯನ್ನು ಹರಡುವ ಉಣ್ಣೆ (ಉಣುಗು) ಕಚ್ಚಿದೆಯೇ ಎಂದು ನೋಡಿ, ಡಾಕ್ಟರಿಗೆ ತಾವಾಗಿಯೇ ಹೇಳಬೇಕು.

ಅಜ್ಜಿಯರ ಮದ್ದಿನ ಬಗ್ಗೆ ಪುಸ್ತಕಗಳು ಮೂಗು ಮುರಿಯುತ್ತವೆ, ನಾನು ಅಷ್ಟು ಬಿಗಿಯಲ್ಲ. ದೊಡ್ಡ ಮಗುವಿಗೆ ಶುಂಠಿ, ತುಳಸಿಯ ಬಿಸಿ ನೀರು ಕೊಡಲಿ, ಗಂಜಿಗೆ ಚಿಟಿಕೆ ಉಪ್ಪು ಹಾಕಿ ಕುಡಿಸಲಿ. ಆದರೆ ಮೂಗಿಗೆ ಎಣ್ಣೆ ಬಿಡುವುದು, ಜ್ವರದ ಮಗುವಿಗೆ ಕಂಬಳಿ ಬಿಗಿಯುವುದು, ಹಲ್ಲು ಬರುವ ಭೇದಿಯೆಂದು ಸುಮ್ಮನಿರುವುದು, ಕಾಮಾಲೆಗೆ ಬರೆ ಹಾಕುವುದು, ಇವನ್ನು ಯಾರ ಮಾತಿಗೂ ಮಾಡಬೇಡಿ. ಜ್ವರದಲ್ಲಿ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸಿ, ಬಾಯಿಗೆ ಚಮಚ ತುರುಕಿ ಕಾಲ ಕಳೆಯುವ ಬದಲು ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ಅದು ಮೊದಲ ಸಲವಾದರೆ ಅಂದೇ ತೋರಿಸಿ.

"ಹಾಗಾದರೆ ಯಾವ ಪುಸ್ತಕ ಕೊಳ್ಳಲಿ?" ಎಂದು ಕೊನೆಗೆ ಕೇಳಿಯೇ ಕೇಳುತ್ತಾರೆ. ಅಂಗಡಿಯಲ್ಲಿ ಮೂರು ಪುಟ ತೆರೆದು ನೋಡಿ: ಕೆಮ್ಮಿನ ಪುಟದಲ್ಲಿ ಉಸಿರಿನ ಅಂಕಿ ಇದೆಯೇ, ಭೇದಿಯ ಪುಟದಲ್ಲಿ ಜಿಂಕ್ ಇದೆಯೇ, ಜ್ವರದ ಪುಟದಲ್ಲಿ ಡೆಂಗಿ ಇದೆಯೇ. ಇಲ್ಲದಿದ್ದರೆ ಅಲ್ಲಿಯೇ ಇಟ್ಟು ಬನ್ನಿ. ಅದಕ್ಕೂ ಮೊದಲು, ಗರ್ಭಿಣಿಯಾಗಿದ್ದಾಗ ಸರ್ಕಾರ ಪುಕ್ಕಟೆಯಾಗಿ ಕೊಟ್ಟಿದ್ದ ತಾಯಿ ಕಾರ್ಡ್ ಎಲ್ಲಿದೆ ಹುಡುಕಿ. ಚುಚ್ಚುಮದ್ದಿನ ದಿನ ಮಾತ್ರ ಹೊರಗೆ ಬರುವ ಆ ಕಾರ್ಡಿನಲ್ಲಿ ಮಗುವಿನ ಅಪಾಯದ ಲಕ್ಷಣಗಳು ಚಿತ್ರಸಹಿತ ಇವೆ, ತೂಕದ ಗೆರೆಯೂ ಇದೆ. ಪಕ್ಕದ ಮನೆಯ ಸೊಸೆಯ ಕಾರ್ಡು ಬೀರುವಿನಲ್ಲಿ ಮದುವೆಯ ಸೀರೆಯ ಅಡಿಯಲ್ಲಿತ್ತು. ಈಗ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ ಒಂದು ಚೀಟಿ: '13 ಕಿಲೋ, 250ರ ಸಿರಪ್ಪು, 3.5 ಮಿಲಿ, ಉಸಿರು 40.'