ಸ್ಟಿರಾಯ್ಡ್ ಆಮ್ಯಾಲ, ಬೋನ್ ಮ್ಯಾರೋ ಸ್ಯಾಂಪಲ್ ಮೊದ್ಲು

ಕಲಬುರಗಿ ಒಳಗ ಲ್ಯಾಬ್ ಕೆಲಸ ಮಾಡೋ ನಾನು ಈ ಮಾತು ಎಷ್ಟೋ ಮಂದಿಗಿ ಬಾಯಿಲೆ ಹೇಳೀನಿ, ಇವತ್ತು ಬರದೇ ಬಿಡ್ತೀನಿ. ಕೂಸಿಗಿ ಜ್ವರ ಬಿಡವಲ್ದು, ಮಾರಿ ಬಿಳಚಿಕೊಂಡದ, ಕಾಲು ನೋವಂತ ನಡೀಲಿಕ್ಕೇ ಒಲ್ಲದು, ಮೈಮ್ಯಾಲ ನೀಲಿ ಕಲೆ ಎದ್ದಾವ ಅಂದ್ರ ಮೊದ್ಲು ಸಿಬಿಸಿ (ರಕ್ತದ ಕಣ ಎಣಿಸೋ ಟೆಸ್ಟ್), ಸ್ಮಿಯರ್ (ರಕ್ತ ಗಾಜಿನ ಮ್ಯಾಲ ಸವರಿ ಮೈಕ್ರೋಸ್ಕೋಪಿನಾಗ ನೋಡೋದು) ಮಾಡಿಸ್ರಿ. ಅದು ಆಗೋತನಾ ಯಾರು ಕೊಟ್ರೂ ಸ್ಟಿರಾಯ್ಡ್ ಗುಳಿಗಿ ಬ್ಯಾಡ ಅನ್ರಿ. ಸಂಧಿ ನೋವಿಗಂತ ಕೊಟ್ಟಿರ್ತಾರ, ನಾಕು ದಿನ ಕೂಸು ಆಡ್ತದ, ಉಣ್ತದ, ಮನಿಯವ್ರಿಗಿ ಖುಷಿ ಆಗ್ತದ, ಆದ್ರ ಒಳಗ ಲ್ಯುಕೇಮಿಯಾ, ಅಂದ್ರ ರಕ್ತದ ಕ್ಯಾನ್ಸರ್, ಇದ್ರ ಆ ಕಣಗಳು ಸ್ಟಿರಾಯ್ಡಿಗಿ ಒಂದಿಷ್ಟು ದಿನ ಕರಗಿರ್ತಾವ, ಆಮ್ಯಾಲ ಬೋನ್ ಮ್ಯಾರೋ (ಎಲುವಿನ ಒಳಗಿನ ಮಜ್ಜೆ) ತೆಗೆದ್ರ ಬ್ಲಾಸ್ಟ್ (ಬಲಿಯದ ಕ್ಯಾನ್ಸರ್ ಕಣ) ಸರಿಯಾಗಿ ಸಿಗಂಗಿಲ್ಲ, ಜೀನ್ ಟೆಸ್ಟಿಗಿ ಬೇಕಾದಷ್ಟೂ ಉಳದಿರಂಗಿಲ್ಲ.

ಅದೊಂದು ಟೆಸ್ಟಿಗಿ ಇಷ್ಟ್ಯಾಕ ಅಂತೀರಿ? ಮೈಕ್ರೋಸ್ಕೋಪ್ ಕೆಳಗ ಬ್ಲಾಸ್ಟ್ ಎಲ್ಲಾ ಒಂದೇ ನಮೂನಿ ಕಾಣ್ತಾವ, ಒಳಗಿನ ಜಾತಿ ಬ್ಯಾರೆಬ್ಯಾರೆ. ಮಕ್ಕಳ ಬಿ-ಎಎಲ್‌ಎಲ್ (ಬಿ ಜಾತಿ ಬಿಳಿ ರಕ್ತಕಣದ ಲ್ಯುಕೇಮಿಯಾ) ಒಳಗ ಹೆಚ್ಚುಕಡಿಮಿ ನಾಕರಾಗ ಒಬ್ಬರಿಗಿ 12 ಮತ್ತ 21ನೇ ಕ್ರೋಮೋಸೋಮಿನ ತುಂಡು ಅದಲುಬದಲಾಗಿ ಇಟಿವಿ6-ರನ್‌ಎಕ್ಸ್1 ಅನ್ನೋ ಕೂಡು ಜೀನ್ ಆಗಿರ್ತದ, ಇವ್ರು ಭಾಳ ಚಲೋ ಗುಣ ಆಗ್ತಾರ. 46 ಇರಬೇಕಾದ ಕ್ರೋಮೋಸೋಮು 50ಕ್ಕಿಂತ ಮ್ಯಾಲ ಹೋಗಿದ್ರೂ ಚಲೋ ಸುದ್ದಿನೇ, 44ಕ್ಕಿಂತ ಕಡಿಮಿ ಇದ್ರ ಜೋರು ಟ್ರೀಟ್‌ಮೆಂಟ್ ಬೇಕು. ವರ್ಷ ತುಂಬದ ಕೂಸುಗಳೊಳಗ ಕೆಎಂಟಿ2ಎ ಜೀನ್ ಒಡದಿರೋದೇ ಹೆಚ್ಚು, ಅದು ಕಠಿಣ. ಇನ್ನ ಫಿಲಡೆಲ್ಫಿಯಾ ಕ್ರೋಮೋಸೋಮ್. 1960ರಾಗ ಅದನ್ನ ಕಂಡ್ರು, ಅದು 9 ಮತ್ತ 22ರ ಅದಲುಬದಲು ಅಂತ ಜಾನೆಟ್ ರೌಲಿ ಅನ್ನೋ ವಿಜ್ಞಾನಿ 1973ರಾಗ ತೋರಿಸಿದ್ರು. ಮಕ್ಕಳಾಗ ಅದು ಕಡಿಮಿ, ಆದ್ರ ಸಿಕ್ತಂದ್ರ ಕೀಮೋ ಜೋಡಿ ಇಮಾಟಿನಿಬ್‌ನಂಥ ಗುಳಿಗಿ ಸೇರಿಸ್ತಾರ, ಮೊದ್ಲು ಉಳಿಯೋದೇ ಕಷ್ಟ ಅಂತಿದ್ದ ಎಷ್ಟೋ ಮಕ್ಕಳು ಈಗ ಉಳೀತಾವ. ಟೆಸ್ಟ್ ಮಾಡಿಸದಿದ್ರ ಆ ಗುಳಿಗಿ ಯಾರಿಗಿ ಕೊಡಬೇಕಂತ ಹೆಂಗ ತಿಳೀಬೇಕು ಹೇಳ್ರಿ.

ಒಂದೇ ಟೆಸ್ಟಿನಾಗ ಎಲ್ಲಾ ಸಿಗಂಗಿಲ್ಲ. ಕ್ಯಾರಿಯೋಟೈಪ್‌ಗಿ ಜೀವಂತ ಕಣ ಬೇಕು, ಅವನ್ನ ಬೆಳೆಸಿ, ಒಡದು ಎರಡಾಗೋ ಹೊತ್ತಿಗಿ ನಿಲ್ಲಿಸಿ ಕ್ರೋಮೋಸೋಮ್ ಎಣಿಸ್ತಾರ. ಆದ್ರ ಆ 12-21ರ ತುಂಡುಗಳ ಮ್ಯಾಲ ಬಣ್ಣ ಹಾಕಿದಾಗ ಕಾಣೋ ಅಡ್ಡ ಪಟ್ಟಿಗಳು ಒಂದಕ್ಕೊಂದು ಎಷ್ಟು ಹೋಲ್ತಾವಂದ್ರ ಕ್ಯಾರಿಯೋಟೈಪಿನಾಗ ಕಣ್ಣಿಗೇ ಬೀಳಂಗಿಲ್ಲ, ಫಿಶ್ ಇಲ್ಲಾ ಆರ್‌ಟಿ-ಪಿಸಿಆರ್ (ಜೀನಿನ ನಕಲು ಹೆಚ್ಚಿಸಿ ಹುಡುಕೋ ಟೆಸ್ಟ್) ಮಾಡಬೇಕು. ಫಿಶ್ ಅಂದ್ರ ಒಂದು ಜೀನಿಗಿ ಕೆಂಪು, ಇನ್ನೊಂದಕ್ಕ ಹಸಿರು ಹೊಳೆಯೋ ಬಣ್ಣ ಅಂಟಿಸೋದು, ಎರಡೂ ಕೂಡಿದ್ದಲ್ಲಿ ಹಳದಿ ಚುಕ್ಕಿ ಕಾಣ್ತದ. ಕ್ಯಾರಿಯೋಟೈಪಿಗಿ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು, ಪಿಸಿಆರ್‌ಗಿ ನೇರಳೆ ಮುಚ್ಚಳದ ಇಡಿಟಿಎ. ಬಹಳ ಸಲ ಸ್ಯಾಂಪಲ್ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು, ನಮ್ಮ ಮೇ ತಿಂಗಳ ಬಿಸಿಲು ನಿಮಗ ಗೊತ್ತೇ ಅದ, ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಇಟ್ರ ಕಣ ಸತ್ತೇ ಹೋಗ್ತಾವ. ಹಂಗಂತ ಫ್ರೀಜರಿನಾಗ ಇಡೋದೂ ತಪ್ಪು. ಥರ್ಮಾಕೋಲ್ ಡಬ್ಬಿ ಒಳಗ ಐಸ್ ಪ್ಯಾಕ್ ಟ್ಯೂಬಿಗಿ ತಾಗದಂಗ ಬಟ್ಟಿ ಸುತ್ತಿಟ್ಟು ಅವತ್ತೇ ಕಳಿಸ್ರಿ.

ಇನ್ನೊಂದು ಮಾತು ನನಗ ಭಾಳ ಸಂಕಟ ಆಗೋದು. ಜೀನ್ ಅಂದಕೂಡ್ಲೇ ಮನಿಯೊಳಗ ಇದು ತಾಯಿ ಕಡಿಯಿಂದ ಬಂದದ್ದು, ಆಕಿ ತವರಿನಾಗ ಯಾರಿಗೋ ಇತ್ತು ಅಂತ ಶುರುವಾಗ್ತದ, ಆ ತಾಯಿ ಕೂಸಿನ ಮಂಚದ ಬಾಜೂ ಕುಂತು ಅದನ್ನೂ ಕೇಳಬೇಕು. ಹಂಗಲ್ರಿ. ಈ ಬದಲಾವಣಿ ಇರೋದು ಕ್ಯಾನ್ಸರ್ ಕಣದೊಳಗ ಅಷ್ಟೇ, ತಂದಿ ತಾಯಿ ರಕ್ತದಾಗ ಇರಂಗಿಲ್ಲ. ಇಟಿವಿ6-ರನ್‌ಎಕ್ಸ್1 ಎಷ್ಟೋ ಸಲ ಹೊಟ್ಟ್ಯಾಗಿದ್ದಾಗಲೇ ಕೂಸಿನ ಒಂದು ಕಣದಾಗ ತಾನಾಗೇ ಆಗಿರ್ತದ ಅಂತ ಹುಟ್ಟಿದಾಗ ತೆಗೆದಿಟ್ಟ ರಕ್ತದ ಚುಕ್ಕಿ ಪರೀಕ್ಷಾ ಮಾಡಿ ಕಂಡುಹಿಡದಾರ, ಅಂಥಾ ಕಣ ಇದ್ದ ಮಕ್ಕಳಾಗೂ ಬಹಳಷ್ಟು ಮಂದಿಗಿ ರೋಗ ಬರಂಗೇ ಇಲ್ಲ. ತಾಯಿ ಏನು ತಿಂದ್ಳು, ಗ್ರಹಣದಾಗ ಹೊರಗ ಬಂದ್ಳೇನು ಅನ್ನೋದಕ್ಕ ಇದಕ್ಕ ಸಂಬಂಧಿಲ್ಲ. ಅಣ್ಣತಮ್ಮರಿಗೂ ಟೆಸ್ಟ್ ಮಾಡಿಸಬೇಕೇನ್ರಿ ಅಂತ ಕೇಳ್ತಾರ, ಸಾಮಾನ್ಯವಾಗಿ ಬೇಕಾಗಂಗಿಲ್ಲ. ಕ್ರೋಮೋಸೋಮ್ ಭಾಳ ಕಡಿಮಿ ಆಗಿ ಟಿಪಿ53 ಜೀನಿನಾಗ ತೊಂದ್ರಿ ಸಿಕ್ಕಂಥ ಕೆಲವು ಕೇಸಿನಾಗ ಮಾತ್ರ ಮನಿಯವ್ರ ರಕ್ತ ಕೇಳ್ತಾರ, ಅದನ್ನ ಡಾಕ್ಟರೇ ನಿಮಗ ಕರದು ಹೇಳ್ತಾರ.