ನಮ್ಮ ಹಿನ್ನೀರಲ್ಲಿ ತೇಲಿದ ಆಂಟೆನಾ

ಹೋದ ಬೇಸಿಗೇಲಿ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಶರಾವತಿ ಹಿನ್ನೀರಿನ ದಡದಲ್ಲಿ ಕೂತಿದ್ದೆ. ನೀರು ಇಳಿದು ಕಪ್ಪಗಿನ ಮರದ ಬೊಡ್ಡೆಗಳು ಎದ್ದು ಕಾಣ್ತಿದ್ವು, ದೊಡ್ಡಪ್ಪ ಕೈ ಮಾಡಿ ಅಲ್ಲೇ ನಮ್ಮ ಹಳೇ ತೋಟ ಇತ್ತು ಅಂದ್ರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದಾಗ ಅವರಿಗೆ ಎಂಟು ವರ್ಷವಂತೆ. ಆಗ ನಂಗೆ ನೆನಪಾಗಿ ಹೇಳ್ದೆ, ಇದೇ ಹಿನ್ನೀರಲ್ಲಿ 2020ರ ಶುರುವಲ್ಲಿ ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ತೆಪ್ಪದ ಮೇಲೆ ಆಂಟೆನಾ ಇಟ್ಟು ತೇಲಿಬಿಟ್ಟಿದ್ರು, ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ರೇಡಿಯೋ ಅಲೆ ಹುಡುಕೋಕೆ ಅಂತ.

"ನಮ್ಮ ಹೊಳೇಲಾ? ಆಕಾಶ ನೋಡೋಕೆ ಗುಡ್ಡ ಹತ್ತೋದು ಬಿಟ್ಟು ನೀರಿಗೆ ಯಾಕೆ ಇಳಿದ್ರು?" ಅಂದ್ರು. ಅವತ್ತು ಸಂಜೆಯೆಲ್ಲಾ ಅದೇ ಮಾತು, ಅದನ್ನೇ ಇಲ್ಲಿ ಬರೀತಿದೀನಿ.

ಬಿಗ್ ಬ್ಯಾಂಗ್, ಅಂದ್ರೆ ವಿಶ್ವ ಹಿಗ್ಗೋಕೆ ಶುರುವಾದ ಘಟನೆ, ಆಗಿ ಸುಮಾರು 1380 ಕೋಟಿ ವರ್ಷ ಆಯ್ತು. ಮೊದಲ ಕೆಲವೇ ನಿಮಿಷದಲ್ಲಿ ಹೈಡ್ರೋಜನ್, ಹೀಲಿಯಂಗಳ ನ್ಯೂಕ್ಲಿಯಸ್‌ಗಳು ರೆಡಿ ಆಗಿದ್ವು, ಆದ್ರೆ ಎಲ್ಲ ಎಷ್ಟು ಬಿಸಿ ಇತ್ತಂದ್ರೆ ಅವು ಎಲೆಕ್ಟ್ರಾನ್‌ಗಳನ್ನ ಹಿಡಿದಿಟ್ಕೊಂಡು ಪರಮಾಣು ಆಗೋಕೆ ಸುಮಾರು 3.8 ಲಕ್ಷ ವರ್ಷ ಬೇಕಾಯ್ತು. ಆಗ ಬಿಡುಗಡೆಯಾದ ಬೆಳಕು ಇವತ್ತಿಗೂ ಎಲ್ಲ ದಿಕ್ಕಿಂದ ಮೈಕ್ರೋವೇವ್ ಆಗಿ ಬರ್ತಾನೇ ಇದೆ, 1965ರಲ್ಲಿ ಅಮೆರಿಕದ ಪೆನ್ಜಿಯಾಸ್ ಮತ್ತು ವಿಲ್ಸನ್ ಇದನ್ನ ಪ್ರಕಟಿಸಿದ್ರು. ಅದಾದ್ಮೇಲೆ ಕತ್ತಲು. ನಕ್ಷತ್ರ ಇಲ್ಲ, ಬರೀ ಹೈಡ್ರೋಜನ್, ಹೀಲಿಯಂ ಅನಿಲ ತಣ್ಣಗಾಗ್ತಾ ಹರಡ್ಕೊಂಡಿದೆ ಅಷ್ಟೇ. ಈ ಕತ್ತಲಲ್ಲಿ ಮೊದಲ ದೀಪ ಯಾವಾಗ ಹತ್ತಿತು ಅನ್ನೋದೇ ಪ್ರಶ್ನೆ.

ಹೈಡ್ರೋಜನ್ ಪರಮಾಣುವಿಗೆ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನ ಹೀರೋ, ಬಿಡೋ ಗುಣ ಇದೆ. ಮೊದಲ ನಕ್ಷತ್ರಗಳ ನೇರಳಾತೀತ ಬೆಳಕು ಬಿದ್ದ ಮೇಲೆ ಆ ತಣ್ಣನೆ ಅನಿಲ ಹಿಂದಿನಿಂದ ಬರ್ತಿದ್ದ ಬಿಗ್ ಬ್ಯಾಂಗ್ ಬೆಳಕನ್ನ ಸ್ವಲ್ಪ ಹೀರ್ಕೊಂಡಿರ್ಬೇಕು, ಅಂದ್ರೆ ಆಕಾಶದಿಂದ ಬರೋ ರೇಡಿಯೋ ಅಲೆಗಳ ಬಲ ಒಂದು ಫ್ರೀಕ್ವೆನ್ಸಿ ಹತ್ರ ಸ್ವಲ್ಪ ಕಮ್ಮಿಯಾಗಿ, ಒಂದು ಸಣ್ಣ ತಗ್ಗಿನ ಹಾಗೆ ಕಾಣ್ಬೇಕು. ವಿಶ್ವ ಹಿಗ್ಗಿ ಹಿಗ್ಗಿ ಆ 21 ಸೆಂಟಿಮೀಟರ್ ಅಲೆ ಈಗ ನಾಲ್ಕು ಮೀಟರ್ ಹತ್ತತ್ರ ಆಗಿರತ್ತೆ, ನಮ್ಮ ಎಫ್‌ಎಂ ರೇಡಿಯೋ 88 ಮೆಗಾಹರ್ಟ್ಸ್‌ನಲ್ಲಿ ಶುರುವಾಗತ್ತಲ್ಲ, ಅದಕ್ಕಿಂತ ಸ್ವಲ್ಪ ಕೆಳಗೆ.

2018ರಲ್ಲಿ ಎಡ್ಜಸ್ ಅನ್ನೋ ತಂಡ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮೀಲಿ ಮೇಜಿನ ಥರದ ಆಂಟೆನಾ ಇಟ್ಟು, 78 ಮೆಗಾಹರ್ಟ್ಸ್ ಹತ್ರ ಆ ತಗ್ಗು ಸಿಕ್ತು ಅಂತ ಹೇಳ್ತು. ಲೆಕ್ಕ ಹಾಕಿದ್ರೆ ಬಿಗ್ ಬ್ಯಾಂಗ್ ಆಗಿ 18 ಕೋಟಿ ವರ್ಷಕ್ಕೇ ನಕ್ಷತ್ರ! ತಗ್ಗಿನ ಆಳ ಸುಮಾರು ಅರ್ಧ ಕೆಲ್ವಿನ್ (ರೇಡಿಯೋ ಅಲೆಯ ಬಲವನ್ನ ಉಷ್ಣತೆಯ ಈ ಅಳತೇಲೇ ಹೇಳ್ತಾರೆ), ಸಿದ್ಧಾಂತ ಹೇಳ್ತಿದ್ದ ಗರಿಷ್ಠಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅದನ್ನ ವಿವರಿಸೋಕೆ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಅನ್ನೋ ದ್ರವ್ಯ ತಾಗಿ ಅನಿಲ ಇನ್ನೂ ತಣ್ಣಗಾಗಿರ್ಬೇಕು ಅನ್ನೋವರೆಗೂ ಪೇಪರ್‌ಗಳು ಬಂದ್ವು. ಆದ್ರೆ ಆ ಫ್ರೀಕ್ವೆನ್ಸೀಲಿ ನಮ್ಮ ಗ್ಯಾಲಕ್ಸಿಯ ಗದ್ದಲವೇ ಸಾವಿರ ಕೆಲ್ವಿನ್ ದಾಟತ್ತೆ, ಅದರೊಳಗೆ ಅರ್ಧ ಕೆಲ್ವಿನ್ ಹುಡುಕೋದು ಅಂದ್ರೆ ಜಾತ್ರೆ ಮಧ್ಯೆ ನಿಂತು ಸೊಳ್ಳೆ ಗುಂಯ್ ಅನ್ನೋದನ್ನ ಕೇಳಿಸ್ಕೊಂಡ ಹಾಗೆ.

ನೀರು ಬೇಕಾಗೋದು ಇಲ್ಲೇ. ಆಂಟೆನಾನ ನೆಲದ ಮೇಲಿಟ್ರೆ ಕೆಳಗೆ ಮಣ್ಣು, ಅದರ ಕೆಳಗೆ ಕಲ್ಲು, ಒಂದು ಕಡೆ ತೇವ ಇನ್ನೊಂದು ಕಡೆ ಒಣ, ಅಲೆಗಳು ಒಂದೊಂದು ಪದರಕ್ಕೂ ಒಂದೊಂದು ಥರ ತಾಗಿ ವಾಪಸ್ ಬರ್ತವೆ, ಅದೇ ಸುಳ್ಳು ತಗ್ಗು ಮಾಡಿಬಿಡಬಹುದು. ಆಳವಾದ ನೀರು ಹಾಗಲ್ಲ, ಎಲ್ಲಿ ನೋಡಿದ್ರೂ ಒಂದೇ. ಸಾರಸ್-3 ಅಂತ ಆ ಉಪಕರಣದ ಹೆಸರು, ಒಂದು ಲೋಹದ ತಟ್ಟೆ, ಅದರ ಮೇಲೆ ತಲೆಕೆಳಗಾದ ಶಂಕು. ಮೊದಲು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೇಲಿ, ಆಮೇಲೆ ನಮ್ಮ ಹಿನ್ನೀರಲ್ಲಿ ತೇಲಿಸಿದ್ರು. ನಮ್ಮ ಕಡೆ ಫೋನಿಗೆ ನೆಟ್‌ವರ್ಕ್ ಸಿಗಲ್ಲ ಅಂತ ಎಷ್ಟು ಸಲ ಬೈಕೊಂಡಿದೀವಿ, ಇಂಥ ಕೆಲಸಕ್ಕೆ ಬೇಕಾಗಿದ್ದೇ ರೇಡಿಯೋ ಗದ್ದಲ ಇಲ್ಲದ ಜಾಗ.

2022ರ ಫೆಬ್ರವರಿಯಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೇಲಿ ರಿಸಲ್ಟ್ ಬಂತು. ಆಸ್ಟ್ರೇಲಿಯಾದಲ್ಲಿ ಕಂಡ ತಗ್ಗು ಇಲ್ಲಿ ಕಾಣ್ಲಿಲ್ಲ, ಅದು ಆಕಾಶದ್ದಲ್ಲ ಅಂತ ಶೇ. 95.3ರಷ್ಟು ಖಾತ್ರಿಯಿಂದ ಹೇಳಿದ್ರು. ಆ ತಗ್ಗು ಆಸ್ಟ್ರೇಲಿಯಾದ ಅಳತೆಯಲ್ಲೇ ಹೇಗೋ ಸೇರ್ಕೊಂಡಿದ್ದಿರ್ಬೇಕು. ಇದನ್ನ ಓದಿದ ದಿನ ನಂಗೆ ನಿಜವಾಗ್ಲೂ ಹೆಮ್ಮೆಯಾಗಿತ್ತು. ಸಿಕ್ತು ಅನ್ನೋ ಸುದ್ದಿ ಜಗತ್ತೆಲ್ಲಾ ಓಡಾಡತ್ತೆ, ಇಲ್ಲ ಅಂತ ಇಷ್ಟು ನಿಖರವಾಗಿ ತೋರಿಸೋಕೆ ವರ್ಷಗಟ್ಟಲೆ ಕೂತು ಉಪಕರಣ ಕಟ್ಟಬೇಕು.

ದೊಡ್ಡಪ್ಪ ಎಲ್ಲ ಕೇಳಿಸ್ಕೊಂಡು "ಹಂಗಾರೆ ಸೂರ್ಯ ಆಮೇಲೆ ಬಂದಿದ್ದಾ?" ಅಂದ್ರು. ಹೌದು ದೊಡ್ಡಪ್ಪ, ತುಂಬಾನೇ ಆಮೇಲೆ, ಸುಮಾರು 457 ಕೋಟಿ ವರ್ಷದ ಹಿಂದೆ. ಅಷ್ಟೊತ್ತಿಗೆ ಎಷ್ಟೋ ತಲೆಮಾರಿನ ನಕ್ಷತ್ರಗಳು ಉರಿದು ಸಿಡಿದು ಆಗಿತ್ತು, ಆ ಬೂದಿ ಬೆರೆತ ಮೋಡ ಕುಸಿದೇ ಸೂರ್ಯ, ಭೂಮಿ ಎಲ್ಲ ಆಗಿದ್ದು. ನಾನು ನೀರಿಗೆ ಕೈ ಅದ್ದಿ ತೋರಿಸ್ದೆ, ಇದರ ಹೈಡ್ರೋಜನ್ ಬಿಗ್ ಬ್ಯಾಂಗಿಂದೇ ಬಂದಿದ್ದು, ಆಕ್ಸಿಜನ್ ಮಾತ್ರ ಆಮೇಲೆ ನಕ್ಷತ್ರದೊಳಗೆ ಬೆಂದಿದ್ದು. ಅವರು ತಾವೂ ಒಂದು ಬೊಗಸೆ ಎತ್ಕೊಂಡು ನೋಡಿದ್ರು, ಸುಮಾರು ಹೊತ್ತು ಮಾತಾಡ್ಲಿಲ್ಲ.

ಹುಡುಕಾಟ ಇನ್ನೂ ಮುಗಿದಿಲ್ಲ. ಅದೇ ಸಂಸ್ಥೆಯವರು ಈಗ ಪ್ರತುಷ್ ಅಂತ ಒಂದು ಉಪಕರಣವನ್ನ ಚಂದ್ರನ ಸುತ್ತ ಕಳಿಸೋ ಯೋಜನೇಲಿ ಇದ್ದಾರೆ, ಚಂದ್ರನ ಆಚೆ ಬದಿಗೆ ಹೋದ್ರೆ ಭೂಮಿಯ ಎಫ್‌ಎಂ ಗದ್ದಲಕ್ಕೆ ಚಂದ್ರನೇ ಅಡ್ಡ ನಿಲ್ತಾನೆ. ಹೊರಡೋವಾಗ ದೊಡ್ಡಪ್ಪ ಆ ತೆಪ್ಪದ ಫೋಟೋ ಇದ್ರೆ ತೋರ್ಸು ಅಂದ್ರು, ನೆಟ್‌ವರ್ಕ್ ಇರ್ಲಿಲ್ಲ, ಸಾಗರ ಪೇಟೆಗೆ ಹೋಗಿ ಕಳಿಸ್ದೆ.