ಹಾಂಗ್‌ಕಾಂಗ್ ಧಾರಾವಾಹಿಯ ಚಕ್ರವರ್ತಿ ಆಡುವುದು ಹಳೆಯ ಕ್ಯಾಂಟೊನೀಸೇ?

ಐತಿಹಾಸಿಕ ಧಾರಾವಾಹಿ ನೋಡಿ ಹಾಂಗ್‌ಕಾಂಗ್‌ನ ಆಡುಮಾತಾದ ಕ್ಯಾಂಟೊನೀಸ್ ಕಲಿಯಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರ: ಬಹುಪಾಲು ಅಲ್ಲ. ವ್ಯಾಕರಣ, ಉಚ್ಚಾರ ಎರಡೂ ಇವತ್ತಿನವು. ಅದರೊಳಗೆ ಹಳೆಯ ಗ್ರಂಥ, ಕಾದಂಬರಿ, ಗೀತನಾಟಕಗಳ ಪದಗಳನ್ನು ಪೋಣಿಸಿರುತ್ತಾರೆ. ಚಿಂಗ್ ವಂಶದ (1644–1912) ಬೀಜಿಂಗ್ ಅರಮನೆಯಲ್ಲಂತೂ ನಡೆಯುತ್ತಿದ್ದದ್ದು ಆಳುವ ಮಂಚು ಜನರ ಮಂಚು ಭಾಷೆ ಮತ್ತು ಉತ್ತರದ ಚೀನೀ ಭಾಷೆಯಾದ ಮ್ಯಾಂಡರಿನ್.

ಚಕ್ರವರ್ತಿ ‘ಜಮ್ ಮ್ ಸನ್’ ಎಂದರೆ ‘ನಾನು ನಂಬುವುದಿಲ್ಲ’. ‘ಜಮ್’ ಎಂಬ ‘ನಾನು’ ಮೊದಲು ಯಾರ ಬಾಯಲ್ಲಾದರೂ ಬರುತ್ತಿತ್ತು, ಕ್ರಿ.ಪೂ. 221ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಷಿಹುವಾಂಗ್ ಅದನ್ನು ಚಕ್ರವರ್ತಿಗಷ್ಟೇ ಮೀಸಲಿಟ್ಟ. ನಡುವಿನ ‘ಮ್’ ಇಂದಿನ ಮೀನುಮಾರುಕಟ್ಟೆಯಲ್ಲೂ ಕೇಳುವ, ‘ಇಲ್ಲ’ ಎಂಬ ಅರ್ಥದ ಪದ. ವಿಧವೆ ರಾಜಮಾತೆ ತನ್ನನ್ನು ‘ಒಯ್ ಗಾ’ ಎಂದುಕೊಳ್ಳುವುದು ರಂಗಭೂಮಿಯ ರೂಢಿ. ಚಿಂಗ್ ಕಾಲದ ಕಥೆಯಲ್ಲಿ ಅಧಿಕಾರಿಗಳೆಲ್ಲ ‘ನೋ ಚೊಯ್’ (ಗುಲಾಮ) ಎಂದರೆ ಅದೂ ತಪ್ಪು: ಹಾಗೆ ಹೇಳಿಕೊಳ್ಳುತ್ತಿದ್ದವರು ಹೆಚ್ಚಾಗಿ ಮಂಚು ಅಧಿಕಾರಿಗಳು, ಹಾನ್ (ಬಹುಸಂಖ್ಯಾತ ಚೀನೀ ಜನಾಂಗದ) ಅಧಿಕಾರಿಗಳದ್ದು ಸಾಮಾನ್ಯವಾಗಿ ‘ಸನ್’, ಅಂದರೆ ರಾಜಸೇವಕ. ‘ಜೊಯ್ ಹಾ’ ಎಂಬ ವಿನಯದ ‘ನಾನು’ ಇಷ್ಟವಾದರೂ ಅಂಗಡಿಯಲ್ಲಿ ಬಳಸಬೇಡಿ. ಅಲ್ಲಿ ‘ಙೊ’ ಸಾಕು.

ಕಾಲದ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ದಿನಕ್ಕೆ 12 ‘ಸೀ ಸನ್’, ಒಂದೊಂದಕ್ಕೆ 2 ಗಂಟೆ. ‘ಙ್ ಸೀ’ ಎಂದರೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 1. ಇದನ್ನು ಒಂದೇ ಗಂಟೆ ಎಂದುಕೊಂಡರೆ ಕುದುರೆ ಸವಾರಿಯ ದೂರವೆಲ್ಲ ಅರ್ಧಕ್ಕಿಳಿಯುತ್ತದೆ.

ಅಡಿಬರಹ ನಂಬಿಕೊಂಡೂ ಕಲಿಯಬೇಡಿ. ಅದು ಸಾಮಾನ್ಯವಾಗಿ ಶಿಷ್ಟ ಲಿಖಿತ ಚೀನೀ ಭಾಷೆಯಲ್ಲಿರುತ್ತದೆ: ನಟ ‘ಕೊಯ್’ (ಅವನು) ಎಂದಾಗ ಪರದೆಯ ಮೇಲೆ ಬರುವ ಅಕ್ಷರವನ್ನು ಕ್ಯಾಂಟೊನೀಸ್‌ನಲ್ಲಿ ಓದುವುದು ‘ತಾ’ ಎಂದು. ಅಕ್ಷರಕ್ಕೆ ಸದ್ದು ಹೊಂದಿಸಲು ಹೋದರೆ ಎರಡೂ ಕೆಡುತ್ತವೆ. ಮೊದಲು ಕಿವಿ, ಆಮೇಲೆ ಅಕ್ಷರ.

ಹಾಗಾದರೆ ನಿಜವಾದ ಹಳತು ಎಲ್ಲಿದೆ? ಯಾರೂ ಗಮನ ಕೊಡದ ಕಡೆ. ರಾಣಿ ತನ್ನನ್ನು ‘ಸನ್ ಚಿಪ್’ ಎಂದುಕೊಂಡಾಗ ಕೊನೆಯ ‘ಪ್’ ಕೇಳಿಸಿಕೊಳ್ಳಿ. ತಾಂಗ್ ಕಾಲದ (618–907) ಚೀನೀ ಭಾಷೆಯಲ್ಲಿದ್ದ ಪ್, ತ್, ಕ್ ಅಂತ್ಯಗಳು ಮ್ಯಾಂಡರಿನ್‌ನಲ್ಲಿ ಅಳಿದಿವೆ, ಕ್ಯಾಂಟೊನೀಸ್‌ನಲ್ಲಿ ಉಳಿದಿವೆ. ಅಡುಗೆಯವಳು ‘ಸಿಕ್’ ಎಂದರೆ ತಿನ್ನು, ‘ಯಮ್’ ಎಂದರೆ ಕುಡಿ: ಎರಡೂ ಪ್ರಾಚೀನ ಗ್ರಂಥಗಳ ಕ್ರಿಯಾಪದಗಳೇ, ಇಂದಿಗೂ ಮನೆಮಾತು. ಇನ್ನು ‘ಜೌ’. ಅದೇ ಅಕ್ಷರಕ್ಕೆ ಮ್ಯಾಂಡರಿನ್‌ನಲ್ಲಿ ‘ನಡೆ’ ಎಂಬ ಅರ್ಥ. ಹಳೆಯ ಚೀನೀ ಭಾಷೆಯಲ್ಲಿ ‘ಓಡು’. ಸೈನಿಕರು ಬೆನ್ನಟ್ಟಿದಾಗ ಕ್ಯಾಂಟೊನೀಸ್ ಪಾತ್ರ ‘ಜೌ!’ ಎಂದು ಕೂಗಿದರೆ ಕೇಳಿಸುವುದು ಆ ಹಳೆಯ ಅರ್ಥವೇ.